ವಿಂಡೋಸ್‌ಗೇ ಯಾಕೆ ಇಷ್ಟೊಂದು ವೈರಸ್ ಕಾಟ?

ಪ್ರಶ್ನೆ: ಹಾಸನದ ಬಸ್ ನಿಲ್ದಾಣದ ಸಮೀಪ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟುಕೊಂಡಿದ್ದೇನೆ. ನಾಲ್ಕು ಕಂಪ್ಯೂಟರ್, ಎಲ್ಲದರಲ್ಲೂ ವಿಂಡೋಸ್ 10. ಕಾಲೇಜು ಹುಡುಗರು ತರುವ ಪೆನ್‌ಡ್ರೈವ್ ಹಾಕಿದರೆ ಸಾಕು, ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಡುತ್ತವೆ. ವರ್ಷಕ್ಕೆ ಎರಡು ಸಲವಾದರೂ ಫಾರ್ಮ್ಯಾಟ್ ಹೊಡೆಸುತ್ತೇನೆ. ಇಂಜಿನಿಯರಿಂಗ್ ಓದುವ ಮಗನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದೆ. ಅದೇ ಪೆನ್‌ಡ್ರೈವ್ ಅದಕ್ಕೆ ಹಾಕಿದರೆ ಏನೂ ಆಗುವುದಿಲ್ಲ. "ಅಪ್ಪಾ, ವಿಂಡೋಸೇ ಸರಿಯಿಲ್ಲ" ಅನ್ನುತ್ತಾನೆ. ಸರ್ವಿಸ್‌ಗೆ ಬರುವ ಹುಡುಗ, "ಎಲ್ರೂ ವಿಂಡೋಸ್ ಬಳಸ್ತಾರೆ, ಅದಕ್ಕೇ ವೈರಸ್ ಬರೆಯೋರೂ ಅದಕ್ಕೇ ಬರೀತಾರೆ, ಅಷ್ಟೇ ಸರ್" ಅನ್ನುತ್ತಾನೆ. ಯಾರ ಮಾತು ಸರಿ? ನಾನೂ ಲಿನಕ್ಸ್ ಹಾಕಿಸಿಬಿಡಲೇ?

ಉತ್ತರ: ಮಗನ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ, ಸರ್ವಿಸ್ ಹುಡುಗನ ಮಾತಿನಲ್ಲಿ ಇನ್ನೊಂದಿಷ್ಟು. ಆದರೆ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ನಿಮ್ಮ ನಾಲ್ಕು ಕಂಪ್ಯೂಟರ್‌ಗಳಿಗೆ ಕೊನೆಯ ಸಲ ಅಪ್‌ಡೇಟ್ ಬಂದದ್ದು ಯಾವಾಗ? ನನ್ನ ಉತ್ತರ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಅದಕ್ಕೂ ಮೊದಲು ಆ ಪೆನ್‌ಡ್ರೈವ್ ವಿಷಯ ಮುಗಿಸೋಣ. ಅರ್ಧ ಸಂಗತಿ ಅದರಲ್ಲೇ ಕಣ್ಣಿಗೆ ಕಾಣುವ ಹಾಗಿದೆ.

ಹುಡುಗ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಲು ಬರುತ್ತಾನೆ. ಪೆನ್‌ಡ್ರೈವ್ ತೆರೆದರೆ ಫೋಲ್ಡರ್ ಇದೆ, ಹೆಸರೂ ಸರಿಯಾಗಿದೆ. ಆದರೆ ಚಿತ್ರದ ಎಡಗಡೆ ಕೆಳಮೂಲೆಯಲ್ಲಿ ಪುಟ್ಟದೊಂದು ಬಾಣದ ಗುರುತು. ಆ ಬಾಣ ಇದ್ದರೆ ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ನಿಜವಾದ ಫೋಲ್ಡರ್ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ವೈರಸ್ಸು ಅದಕ್ಕೆ 'ಹಿಡನ್', 'ಸಿಸ್ಟಂ' ಎಂಬ ಎರಡು ಗುರುತು ಹಾಕಿ, ವಿಂಡೋಸ್ ಅದನ್ನು ತೋರಿಸದ ಹಾಗೆ ಮಾಡಿದೆ. ಶಾರ್ಟ್‌ಕಟ್ ಮೇಲೆ ನೀವು ಡಬಲ್ ಕ್ಲಿಕ್ ಮಾಡಿದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಪೆನ್‌ಡ್ರೈವ್‌ನಲ್ಲಿ ಅಡಗಿರುವ ಒಂದು ಸ್ಕ್ರಿಪ್ಟ್ ಫೈಲನ್ನು (ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಪುಟ್ಟ ಪ್ರೋಗ್ರಾಂ) ವಿಂಡೋಸಿನ ವಿಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಓಡಿಸುತ್ತದೆ, ಅದರ ಬೆನ್ನಿಗೇ ನಿಜವಾದ ಫೋಲ್ಡರ್ ತೆರೆದುಕೊಳ್ಳುತ್ತದೆ. ಫೋಲ್ಡರ್ ತೆರೆಯಿತಲ್ಲ ಎಂದು ನೀವು ಪ್ರಿಂಟ್ ಕೊಡುತ್ತೀರಿ. ಅಷ್ಟರಲ್ಲಿ ಆ ಸ್ಕ್ರಿಪ್ಟ್ ನಿಮ್ಮ ಕಂಪ್ಯೂಟರಿಗೆ ತನ್ನದೊಂದು ನಕಲು ಮಾಡಿಕೊಂಡು, ಸಿಸ್ಟಂ ಆನ್ ಆದಾಗಲೆಲ್ಲ ತಾನೂ ಏಳುವಂತೆ ವ್ಯವಸ್ಥೆ ಮಾಡಿಕೊಂಡು, ಮುಂದಿನ ಗಿರಾಕಿಯ ಪೆನ್‌ಡ್ರೈವ್‌ಗಾಗಿ ಕಾಯುತ್ತಾ ಕೂತಿರುತ್ತದೆ.

ಅದೇ ಪೆನ್‌ಡ್ರೈವನ್ನು ಮಗನ ಲ್ಯಾಪ್‌ಟಾಪಿಗೆ ಹಾಕಿದರೆ ಏನಾಗುತ್ತದೆ? ಪೆನ್‌ಡ್ರೈವ್‌ನಲ್ಲಿ ಹಾಕಿದ ಹಿಡನ್ ಗುರುತಿಗೆ ಲಿನಕ್ಸ್ ಸಾಮಾನ್ಯವಾಗಿ ಬೆಲೆ ಕೊಡುವುದಿಲ್ಲ. ಆದ್ದರಿಂದ ನಿಜವಾದ ಫೋಲ್ಡರು, ಸುಳ್ಳು ಶಾರ್ಟ್‌ಕಟ್ಟು, ಆ ಸ್ಕ್ರಿಪ್ಟು, ಮೂರೂ ಸಾಲಾಗಿ ಕಾಣುತ್ತವೆ. ಸ್ಕ್ರಿಪ್ಟ್ ಬರೆದಿರುವುದು ಸಾಮಾನ್ಯವಾಗಿ ವಿಬಿಸ್ಕ್ರಿಪ್ಟ್ ಭಾಷೆಯಲ್ಲಿ, ಅದನ್ನು ಓಡಿಸುವ ಪ್ರೋಗ್ರಾಂ ಲಿನಕ್ಸಿನಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅದು ಸುಮ್ಮನೆ ಬಿದ್ದಿರುತ್ತದೆ. ಇದರಿಂದ ಲಿನಕ್ಸ್ ಗಟ್ಟಿಯೋ ವಿಂಡೋಸ್ ಗಟ್ಟಿಯೋ ಎಂದು ಏನೂ ತೀರ್ಮಾನವಾಗುವುದಿಲ್ಲ. ಈ ವೈರಸ್ ಬರೆದವನು ಲಿನಕ್ಸನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಆ ಫೈಲುಗಳನ್ನೆಲ್ಲ ಮಗ ಹಾಗೇ ಕಾಪಿ ಮಾಡಿ ಸ್ನೇಹಿತನ ವಿಂಡೋಸ್ ಲ್ಯಾಪ್‌ಟಾಪಿಗೆ ಕೊಟ್ಟರೆ ರೋಗವೂ ಜೊತೆಯಲ್ಲೇ ಹೋಗುತ್ತದೆ ಎಂಬುದನ್ನು ಅವನಿಗೆ ಹೇಳಿ.

ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ? ಇಲ್ಲಿ ಸರ್ವಿಸ್ ಹುಡುಗನ ಮಾತು ಸರಿ. ಜಗತ್ತಿನ ಮೇಜಿನ ಮೇಲಿನ ಕಂಪ್ಯೂಟರ್, ಲ್ಯಾಪ್‌ಟಾಪ್‌ಗಳಲ್ಲಿ ಹತ್ತರಲ್ಲಿ ಸುಮಾರು ಏಳು ವಿಂಡೋಸಿನವು. ವೈರಸ್ ಬರೆಯುವುದು ಹುಡುಗಾಟವಾಗಿದ್ದ ಕಾಲ ಹೋಗಿ ಎರಡು ದಶಕ ಆಯಿತು. ಈಗ ಅದು ದಂಧೆ. ಬರೆಯುವವನು ಒಬ್ಬ, ಬಾಡಿಗೆಗೆ ಕೊಡುವವನು ಇನ್ನೊಬ್ಬ, ಹಂಚುವವನು ಮತ್ತೊಬ್ಬ. ಒಂದೇ ಸಲ ಬರೆದು ಹೆಚ್ಚು ಕಡೆ ನಾಟಬೇಕೆಂದರೆ ಜನ ಹೆಚ್ಚಿರುವ ಕಡೆಗೇ ಬರೆಯಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರನ್ನು ಬಲ್ಲ ನಿಮಗೆ ಬಿಳಿ ಕಾಂಡಕೊರಕ ಹೊಸದಲ್ಲ. ಅರೇಬಿಕಾ ಎಂದರೆ ಮುಗಿಬೀಳುವ ಆ ಹುಳು ರೊಬಸ್ಟಾ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಹಾಗೆಂದು ಅರೇಬಿಕಾ ತೋಟಗಳೆಲ್ಲ ಒಂದೇ ಸಮ ಹಾಳಾಗುವುದೂ ಇಲ್ಲ. ನೆರಳು ತೆಳುವಾಗಿ ಕಾಂಡಕ್ಕೆ ಬಿಸಿಲು ಬಡಿಯುವ ತೋಟದಲ್ಲೇ ಕಾಟ ಜಾಸ್ತಿ. ತಳಿಯೂ ಲೆಕ್ಕಕ್ಕೆ ಬರುತ್ತದೆ, ನೋಡಿಕೊಳ್ಳುವ ರೀತಿಯೂ ಬರುತ್ತದೆ.

ಆದರೆ ಜನ ಹೆಚ್ಚಿರುವುದೊಂದೇ ಕಾರಣವಾಗಿದ್ದರೆ ಲಿನಕ್ಸ್ ಮೇಲೆ ದಾಳಿಯೇ ಇರಬಾರದಿತ್ತಲ್ಲ? ಇದೆ, ಬೇಕಾದಷ್ಟಿದೆ. ನಾವು ನೋಡುವ ವೆಬ್‌ಸೈಟುಗಳ ಹಿಂದಿರುವ ಸರ್ವರ್‌ಗಳಲ್ಲಿ ಬಹುಪಾಲು ಲಿನಕ್ಸ್. ಹೊಸ ಲಿನಕ್ಸ್ ಸರ್ವರ್ ಒಂದನ್ನು ಇಂಟರ್‌ನೆಟ್ಟಿಗೆ ಜೋಡಿಸಿ ಅದರ ಲಾಗ್, ಅಂದರೆ ಯಾರು ಬಾಗಿಲು ತಟ್ಟಿದರು ಎಂಬ ದಾಖಲೆ, ನೋಡುತ್ತಾ ಕೂತರೆ, ಸ್ವಲ್ಪ ಹೊತ್ತಿನಲ್ಲೇ ಯಾವ್ಯಾವುದೋ ದೇಶದಿಂದ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು ಸಾಲುಗಟ್ಟುತ್ತವೆ. ಅಲ್ಲಿ ಯಾರೂ ಶಾರ್ಟ್‌ಕಟ್ ಫೈಲ್ ಕಳಿಸುವುದಿಲ್ಲ, ಸರ್ವರ್ ಮುಂದೆ ಕೂತು ಡಬಲ್ ಕ್ಲಿಕ್ ಮಾಡುವವರು ಯಾರೂ ಇಲ್ಲವಲ್ಲ. ಯಾವ ಸಿಸ್ಟಂ ಎಲ್ಲಿ ಬಳಕೆಯಲ್ಲಿದೆ ಎಂಬುದರ ಮೇಲೆ ದಾಳಿಯ ಬಗೆ ಬದಲಾಗುತ್ತದೆ.

ನಿಮ್ಮ ಅಂಗಡಿಯ ಮೂಲೆಯಲ್ಲಿ ಸಿಸಿಟಿವಿ ಡಿವಿಆರ್ ಇದ್ದರೆ ಅದರೊಳಗಿರುವುದೂ ಬಹುಶಃ ಲಿನಕ್ಸೇ. 2016ರಲ್ಲಿ ಮಿರಾಯ್ ಎಂಬ ಪಿಡುಗು ಅಂಥ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನೇ ಹುಡುಕಿಕೊಂಡು ಹೋಯಿತು. ಅದರಲ್ಲಿ ದೊಡ್ಡ ಜಾಣತನ ಏನೂ ಇರಲಿಲ್ಲ. ಕಂಪನಿಯವರು ಕಾರ್ಖಾನೆಯಲ್ಲಿ ಇಟ್ಟು ಕಳಿಸಿದ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. 'ಅಡ್ಮಿನ್', 'ಅಡ್ಮಿನ್' ಎಂದು ಹಾಕಿ ನೋಡುವುದು, ಒಳಗೆ ಹೋಗುವುದು. ಹೀಗೆ ವಶವಾದ ಸಾಧನಗಳೆಲ್ಲ ಆ ವರ್ಷದ ಅಕ್ಟೋಬರ್ 21ರಂದು ಡೈನ್ ಎಂಬ ವೆಬ್ ವಿಳಾಸಗಳನ್ನು ಹುಡುಕಿಕೊಡುವ ಅಮೆರಿಕದ ಕಂಪನಿಯ ಮೇಲೆ ಒಟ್ಟಿಗೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಂತಾದವು. ಮಿರಾಯ್ ಬರೆದು ಮರುವರ್ಷ ತಪ್ಪೊಪ್ಪಿಕೊಂಡವರು ಮೂವರು ಯುವಕರು. ಕಥೆ ಶುರುವಾದದ್ದು ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗಳ ನಡುವಿನ ಪೈಪೋಟಿಯಿಂದ. ಲಿನಕ್ಸ್ ಇದ್ದರೆ ಭಯವಿಲ್ಲ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಈಗ ಮಗನ ವಾದ. ವಿಂಡೋಸಿನ ಹುಟ್ಟಿನಲ್ಲೇ ದೋಷವಿದೆಯೇ? ಒಂದು ಕಾಲಕ್ಕೆ ಖಂಡಿತ ಇತ್ತು. ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಳ್ಳತೊಡಗಿದಾಗ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬೇಕಿತ್ತು. ಆದ್ದರಿಂದ ಯಾರ ಫೈಲು ಯಾರದು, ಯಾರು ಏನು ಮಾಡಬಹುದು ಎಂಬ ಲೆಕ್ಕ ಮೊದಲಿನಿಂದಲೇ ಬಂತು. ಲಿನಕ್ಸೂ ಮ್ಯಾಕೂ ಅನುಸರಿಸುವುದು ಅದೇ ಪದ್ಧತಿಯನ್ನು. ವಿಂಡೋಸ್ 95, 98 ಮನೆಯಲ್ಲಿ ಒಬ್ಬರೇ ಕೂತು ಬಳಸುವ ಯಂತ್ರಕ್ಕೆ ಮಾಡಿದವು. ಅಲ್ಲಿ ಫೈಲಿಗೆ ಒಡೆತನ ಎಂಬುದೇ ಇರಲಿಲ್ಲ, ಯಾವ ಪ್ರೋಗ್ರಾಂ ಬೇಕಾದರೂ ಯಾವ ಫೈಲನ್ನು ಬೇಕಾದರೂ ಅಳಿಸಬಹುದಿತ್ತು. 1993ರಲ್ಲೇ ಬಂದ ವಿಂಡೋಸ್ ಎನ್‌ಟಿಯಲ್ಲಿ ಒಡೆತನ, ಅನುಮತಿಗಳ ವ್ಯವಸ್ಥೆ ಚೆನ್ನಾಗಿಯೇ ಇತ್ತು. 2001ರ ಎಕ್ಸ್‌ಪಿ ಮನೆಮನೆಗೆ ತಂದದ್ದು ಅದೇ ಬುನಾದಿಯನ್ನು. ಆದರೆ ಅದನ್ನು ಹಾಕುವಾಗ ಮಾಡಿಕೊಳ್ಳುವ ಖಾತೆಗೆ ಪೂರ್ತಿ ಅಧಿಕಾರ, ಅಂದರೆ ಅಡ್ಮಿನಿಸ್ಟ್ರೇಟರ್ ಪಟ್ಟ, ತಾನಾಗಿ ಸಿಗುತ್ತಿತ್ತು. ಯಾಕೆ ಹಾಗೆ ಮಾಡಿದರು ಎಂದರೆ ಹಳೆಯ ಪ್ರೋಗ್ರಾಂಗಳು. ಎಲ್ಲಿ ಬೇಕಾದರೂ ಬರೆಯಬಹುದು ಎಂದುಕೊಂಡೇ ಬರೆದ ಲೆಕ್ಕಪತ್ರದ, ಆಟದ, ಪ್ರಿಂಟರಿನ ಪ್ರೋಗ್ರಾಂಗಳು ಅಧಿಕಾರ ಕಿತ್ತುಕೊಂಡರೆ ಓಡುತ್ತಿರಲಿಲ್ಲ. ಅವು ಓಡದಿದ್ದರೆ ಜನ ಹೊಸ ವಿಂಡೋಸ್ ಕೊಳ್ಳುತ್ತಿರಲಿಲ್ಲ. ಹಳತನ್ನೂ ಸಾಕುತ್ತೇವೆ ಎಂಬ ಈ ಹಟವೇ ವಿಂಡೋಸಿನ ದೊಡ್ಡ ಗುಣ, ಅದರ ದೊಡ್ಡ ಕಾಯಿಲೆಯೂ ಅದೇ. ಇಪ್ಪತ್ತು ವರ್ಷ ಹಳೆಯ ಡಿಟಿಪಿ ಪ್ರೋಗ್ರಾಂ, ಹಳೆಯ ನುಡಿ ಫಾಂಟು ನಿಮ್ಮಲ್ಲಿ ಇವತ್ತಿಗೂ ನಡೆಯುತ್ತಿರುವುದು ಅದರಿಂದಲೇ.

ಅನುಕೂಲಕ್ಕೆಂದು ಇಟ್ಟದ್ದು ಹೇಗೆ ತಿರುಗಿಬೀಳುತ್ತದೆ ಎಂಬುದಕ್ಕೆ ಆಟೋರನ್ ನೋಡಿ. ಸಿಡಿ ಹಾಕಿದ ಕೂಡಲೇ ಅದರಲ್ಲಿರುವ ಪ್ರೋಗ್ರಾಂ ತಾನಾಗಿ ಶುರುವಾಗಲಿ ಎಂದು ವಿಂಡೋಸ್ 95ರಲ್ಲಿ ತಂದ ಸೌಕರ್ಯ ಅದು. ಪೆನ್‌ಡ್ರೈವ್ ಬಂದ ಮೇಲೆ ವೈರಸ್‌ಗಳಿಗೆ ಅದು ಹೇಳಿ ಮಾಡಿಸಿದ ಹಾಗಾಯಿತು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಲಕ್ಷಾಂತರ ಕಂಪ್ಯೂಟರ್ ಹಿಡಿದ ದಾರಿಗಳಲ್ಲಿ ಅದೂ ಒಂದು. 2009ರ ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗೆ ಆಟೋರನ್ ನಿಲ್ಲಿಸಿದರು, ಹಳೆಯ ಎಕ್ಸ್‌ಪಿ, ವಿಸ್ಟಾಗಳಿಗೆ 2011ರ ಫೆಬ್ರವರಿಯಲ್ಲಿ ಅಪ್‌ಡೇಟ್ ಮೂಲಕ ನಿಲ್ಲಿಸಿದರು. ತಾನಾಗಿ ಓಡುವ ದಾರಿ ಮುಚ್ಚಿದ್ದರಿಂದಲೇ ವೈರಸ್ ಬರೆಯುವವರು ನಿಮ್ಮ ಕೈಯಿಂದಲೇ ಕ್ಲಿಕ್ ಮಾಡಿಸುವ ಶಾರ್ಟ್‌ಕಟ್ ಉಪಾಯಕ್ಕೆ ಹೊರಳಿದ್ದು.

ಇನ್ನೊಂದು ಉದಾಹರಣೆ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಫೈಲಿನ ಹೆಸರಿನ ಕೊನೆಯ ಬಾಲವನ್ನು, ಅದು ಡಾಕ್ಯುಮೆಂಟೋ ಪ್ರೋಗ್ರಾಮೋ ಎಂದು ತಿಳಿಸುವ ಆ ಮೂರಕ್ಷರವನ್ನು, ವಿಂಡೋಸ್ ಬಚ್ಚಿಡುತ್ತದೆ. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ಮಿಂಚಂಚೆ ಜಗತ್ತನ್ನೇ ಸುತ್ತಿತು. ಜೊತೆಗಿದ್ದದ್ದು ಬರೀ ಪತ್ರ ಎಂದು ಕಾಣುವಂಥ ಹೆಸರಿನ ಸ್ಕ್ರಿಪ್ಟ್. ಬಾಲ ಕಾಣದ್ದರಿಂದ ಜನ ಪತ್ರವೆಂದೇ ತೆರೆದರು. ನಮ್ಮ ಕಡೆ ಹಾವಳಿ ಎಬ್ಬಿಸಿದ 'ನ್ಯೂ ಫೋಲ್ಡರ್' ವೈರಸ್ ಮಾಡಿದ್ದೂ ಅದನ್ನೇ. ಫೋಲ್ಡರಿನ ಚಿತ್ರ ಅಂಟಿಸಿಕೊಂಡ ಇಎಕ್ಸ್‌ಇ ಫೈಲ್ ಅದು. ಇಷ್ಟೆಲ್ಲ ಆದರೂ ವಿಂಡೋಸ್ 11ರಲ್ಲೂ ಈ ಬಾಲ ತೋರಿಸುವ ಆಯ್ಕೆಯನ್ನು ನಾವೇ ಹುಡುಕಿ ಆನ್ ಮಾಡಿಕೊಳ್ಳಬೇಕು. ಇದನ್ನು ಸಮರ್ಥಿಸುವ ಒಂದೇ ಒಂದು ಒಳ್ಳೆಯ ಕಾರಣ ನನಗೆ ಹೊಳೆದಿಲ್ಲ.

ಆದರೂ ಇವತ್ತಿನ ವಿಂಡೋಸನ್ನು ಎಕ್ಸ್‌ಪಿ ಕಾಲದ ಹೆಸರಿನಲ್ಲಿ ಬೈಯುವುದು ಅನ್ಯಾಯ. 2002ರ ಜನವರಿಯಲ್ಲಿ ಬಿಲ್ ಗೇಟ್ಸ್, ಇನ್ನು ಮುಂದೆ ಹೊಸ ಸೌಲಭ್ಯಕ್ಕಿಂತ ಸುರಕ್ಷತೆ ಮೊದಲು ಎಂದು ಕಂಪನಿಗೆಲ್ಲ ಪತ್ರ ಬರೆದರು. ವಿಂಡೋಸ್ ತಂಡ ಹೊಸ ಕೆಲಸ ನಿಲ್ಲಿಸಿ ಹಳೆಯ ಕೋಡ್ ತಡಕುತ್ತಾ ಕೂತಿತು. 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಲ್ಲಿ, ಹೊರಗಿನಿಂದ ನುಗ್ಗುವುದನ್ನು ತಡೆಯುವ ಫೈರ್‌ವಾಲ್ ಮೊದಲಿನಿಂದಲೇ ಆನ್ ಆಗಿ ಬಂತು. 2007ರ ವಿಸ್ಟಾದಲ್ಲಿ, ಸಿಸ್ಟಮ್ಮಿಗೆ ಕೈಹಾಕುವ ಮುನ್ನ ಪರದೆ ಮಬ್ಬಾಗಿಸಿ 'ಅನುಮತಿ ಕೊಡುತ್ತೀರಾ' ಎಂದು ಕೇಳುವ ಪದ್ಧತಿ ಬಂತು. ಜನಕ್ಕೆ ಅದು ಕಿರಿಕಿರಿ ಎನಿಸಿ, ಎಷ್ಟೋ ಮಂದಿ ಅದನ್ನೇ ಆಫ್ ಮಾಡಿಸಿಕೊಂಡರು. ಈಗ ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್ ಸಾಕಷ್ಟು ಚೆನ್ನಾಗಿದೆ, ನಿಮ್ಮಂಥ ಅಂಗಡಿಗೆ ಬೇರೆ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಶಾರ್ಟ್‌ಕಟ್ ವೈರಸ್ಸಿಗೆ ಆಸರೆಯಾದ ವಿಬಿಸ್ಕ್ರಿಪ್ಟನ್ನೂ ಹಂತಹಂತವಾಗಿ ತೆಗೆದುಹಾಕುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು.

ಯುನಿಕ್ಸ್ ಬಳಗವೇನೂ ಶುದ್ಧ ಚಿನ್ನವಲ್ಲ. ಇಂಟರ್‌ನೆಟ್ಟನ್ನು ಮೊದಲ ಸಲ ನಡುಗಿಸಿದ ಹುಳು (ನೆಟ್‌ವರ್ಕಿನಲ್ಲಿ ತಾನಾಗಿ ಹರಡುವ ಪ್ರೋಗ್ರಾಂ) 1988ರ ನವೆಂಬರ್ 2ರಂದು ಹೊರಬಿದ್ದ ಮಾರಿಸ್ ವರ್ಮ್, ಅದು ಬಡಿದದ್ದು ಯುನಿಕ್ಸ್ ಯಂತ್ರಗಳಿಗೆ. ಮ್ಯಾಕ್‌ಗೆ ವೈರಸ್ ಬರುವುದಿಲ್ಲ ಎಂಬ ನಂಬಿಕೆ 2012ರಲ್ಲಿ ಮುರಿಯಿತು. ಫ್ಲ್ಯಾಶ್‌ಬ್ಯಾಕ್ ಎಂಬುದು ಸುಮಾರು 6 ಲಕ್ಷ ಮ್ಯಾಕ್‌ಗಳನ್ನು ಹಿಡಿಯಿತು. ಅದು ನುಗ್ಗಿದ್ದು ಜಾವಾ ಎಂಬ ಸಾಫ್ಟ್‌ವೇರಿನ ದೋಷವೊಂದರಿಂದ, ಅದಕ್ಕೆ ಜಾವಾದ ಒಡೆಯ ಒರಾಕಲ್ ಕಂಪನಿ ಫೆಬ್ರವರಿಯಲ್ಲೇ ಪರಿಹಾರ ಕೊಟ್ಟಿತ್ತು. ಆಪಲ್ ಅದನ್ನು ತನ್ನ ಬಳಕೆದಾರರಿಗೆ ತಲುಪಿಸಿದ್ದು ಏಪ್ರಿಲ್‌ನಲ್ಲಿ. ನಡುವಿನ ಆ ವಾರಗಳೇ ಸಾಕಾದವು. ಲಿನಕ್ಸ್ ವಿಷಯದಲ್ಲಿ 2024ರ ಮಾರ್ಚ್ ತಿಂಗಳ ಘಟನೆಯನ್ನು ಮಗನಿಗೆ ಓದಲು ಹೇಳಿ. ಎಕ್ಸ್‌ಝೆಡ್ ಎಂಬ, ಎಲ್ಲರೂ ಬಳಸುವ ಒಂದು ಪುಟ್ಟ ಲೈಬ್ರರಿಯೊಳಗೆ, ಅಂದರೆ ಬೇರೆ ಪ್ರೋಗ್ರಾಂಗಳು ಎರವಲು ಪಡೆಯುವ ಕೋಡಿನೊಳಗೆ, ಕಳ್ಳಕೋಡ್ ಸೇರಿಸಲು ಯಾರೋ ಒಬ್ಬರು ಜಿಯಾ ಟಾನ್ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಷ್ಠೆಯಿಂದ ಕೆಲಸ ಮಾಡಿ ನಂಬಿಕೆ ಗಳಿಸಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟು ಕೆದಕಿ ಅದನ್ನು ಬಯಲಿಗೆಳೆದವರು ಆಂಡ್ರೆಸ್ ಫ್ರಾಯಿಂಡ್. ಅವರಿಗೆ ಸಂಬಳ ಕೊಡುವ ಕಂಪನಿ ಮೈಕ್ರೋಸಾಫ್ಟ್!

ದೋಷಗಳ ಎಣಿಕೆ ಹಿಡಿದು ಇದಕ್ಕಿಂತ ಅದು ಮೇಲು ಎಂದು ಬರೆಯುವ ಲೇಖನಗಳನ್ನು ನಂಬಬೇಡಿ. 2024ರ ಫೆಬ್ರವರಿಯಿಂದ ಲಿನಕ್ಸಿನ ತಿರುಳಾದ ಕರ್ನಲ್ ನೋಡಿಕೊಳ್ಳುವ ತಂಡವೇ ತನ್ನ ದೋಷಗಳಿಗೆ ಸಂಖ್ಯೆ ಕೊಡತೊಡಗಿತು. ಸಣ್ಣಪುಟ್ಟ ತಿದ್ದುಪಡಿಗೂ ಸಂಖ್ಯೆ ಬಿದ್ದು ಪಟ್ಟಿ ಒಮ್ಮೆಲೇ ಉದ್ದವಾಯಿತು. ಒಂದೇ ವರ್ಷದಲ್ಲಿ ಲಿನಕ್ಸ್ ಕೆಟ್ಟುಹೋಯಿತು ಎಂದು ಅದರರ್ಥವಲ್ಲ. ಮೂಲ ದೋಷವೂ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರ ಒಡಲೂ ಬಹುಪಾಲು ಸಿ, ಸಿ ಪ್ಲಸ್ ಪ್ಲಸ್ ಭಾಷೆಗಳದು. ಮೆಮೊರಿಯಲ್ಲಿ ತನ್ನದಲ್ಲದ ಜಾಗಕ್ಕೆ ಪ್ರೋಗ್ರಾಂ ಕೈಹಾಕಿದರೆ ಈ ಭಾಷೆಗಳು ತಡೆಯುವುದಿಲ್ಲ. ಪ್ರತಿವರ್ಷ ತಾನು ಸರಿಪಡಿಸುವ ದೋಷಗಳಲ್ಲಿ ಸುಮಾರು ಶೇ 70ರಷ್ಟು ಈ ಜಾತಿಯವು ಎಂದು ಮೈಕ್ರೋಸಾಫ್ಟಿನ ಎಂಜಿನಿಯರುಗಳೇ 2019ರಲ್ಲಿ ಹೇಳಿದರು. ಹೊಸ ಕೋಡನ್ನು ರಸ್ಟ್‌ನಂಥ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ ಆಂಡ್ರಾಯ್ಡ್‌ನಲ್ಲಿ ಈ ಜಾತಿಯ ದೋಷಗಳ ಪಾಲು 2019ರ ಶೇ 76ರಿಂದ 2024ರಲ್ಲಿ ಶೇ 24ಕ್ಕೆ ಇಳಿಯಿತು. ಇದು ನಿಧಾನದ ಕೆಲಸ, ಆದರೆ ನಿಜವಾದ ಸುಧಾರಣೆ.

ಈಗ ಇಬ್ಬರೂ ಬಿಟ್ಟ ಮಾತಿಗೆ ಬರುತ್ತೇನೆ.

2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳು ಹತ್ತೇ ನಿಮಿಷದಲ್ಲಿ ತನಗೆ ಸಿಗಬಹುದಾಗಿದ್ದ ಹೆಚ್ಚಿನ ಸರ್ವರ್‌ಗಳನ್ನು ಹಿಡಿದು ಮುಗಿಸಿತು. ಅದು ಬಳಸಿದ ದೋಷಕ್ಕೆ ಪರಿಹಾರ ಆರು ತಿಂಗಳ ಹಿಂದೆಯೇ ಬಂದಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಬ್ಲಾಸ್ಟರ್ ಬಂತು. ಅರವತ್ತು ಸೆಕೆಂಡಿನಲ್ಲಿ ಕಂಪ್ಯೂಟರ್ ಬಂದ್ ಆಗುತ್ತದೆ ಎಂದು ಎಣಿಸುತ್ತಾ ಹೋಗುವ ಆ ಚೌಕ ಆ ಕಾಲದ ಸೈಬರ್ ಸೆಂಟರಿನವರಿಗೆ ಇನ್ನೂ ನೆನಪಿರಬಹುದು. ಅದಕ್ಕೆ ಪರಿಹಾರ ಜುಲೈ 16ರಂದೇ ಬಂದಿತ್ತು. 2017ರ ಮೇ 12ರಂದು ವಾನಾಕ್ರೈ ನೂರೈವತ್ತು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳನ್ನು ಬೀಗ ಹಾಕಿ ದುಡ್ಡು ಕೇಳಿತು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ಪರಿಹಾರ ಬಂದದ್ದು ಮಾರ್ಚ್ 14ಕ್ಕೆ, ಸುಮಾರು ಎರಡು ತಿಂಗಳು ಮೊದಲು. ಹಳೆಯ ಎಕ್ಸ್‌ಪಿಯಿಂದ ಹಾಗಾಯಿತು ಎಂದು ಆಗ ಎಲ್ಲರೂ ಅಂದುಕೊಂಡರು. ನಿಜವಾಗಿ ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7, ಅಂದರೆ ಅಪ್‌ಡೇಟ್ ಸಿಗುತ್ತಿದ್ದರೂ ಹಾಕಿಕೊಳ್ಳದ ಯಂತ್ರಗಳು.

ಇದರ ಒಳಗುಟ್ಟು ಹೀಗಿದೆ. ಅಪ್‌ಡೇಟ್ ಹೊರಬಿದ್ದ ದಿನವೇ ದಾಳಿ ಮಾಡುವವರು ಹಳೆಯ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಯಿತು ಎಂದು ನೋಡುತ್ತಾರೆ. ದೋಷ ಎಲ್ಲಿತ್ತು ಎಂಬುದನ್ನು ಆ ಬದಲಾವಣೆಯೇ ತೋರಿಸಿಕೊಡುತ್ತದೆ. ಅಲ್ಲಿಂದ ಮುಂದೆ ಅಪ್‌ಡೇಟ್ ಹಾಕಿಕೊಳ್ಳದ ಪ್ರತಿ ಯಂತ್ರಕ್ಕೂ ಅಪಾಯ ಮೊದಲಿಗಿಂತ ಹೆಚ್ಚು. ಹಾಗಾಗಿ ಆಪರೇಟಿಂಗ್ ಸಿಸ್ಟಂ ಒಂದು ಎಷ್ಟು ಸುರಕ್ಷಿತ ಎಂದು ನನ್ನನ್ನು ಕೇಳಿದರೆ, ಪರಿಹಾರ ಸಿದ್ಧವಾದ ದಿನಕ್ಕೂ ಅದು ಸಾಮಾನ್ಯ ಬಳಕೆದಾರನ ಯಂತ್ರ ಸೇರಿದ ದಿನಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಮೊದಲು ನೋಡುತ್ತೇನೆ. ಆಂಡ್ರಾಯ್ಡ್ ಎಡವುವುದೂ ಇಲ್ಲೇ. ಒಂದು ಆ್ಯಪ್ ಇನ್ನೊಂದರ ಮಾಹಿತಿ ಮುಟ್ಟದಂತೆ ಪ್ರತಿಯೊಂದನ್ನೂ ಬೇರೆ ಬೇರೆ ಬಳಕೆದಾರನೆಂದೇ ಅದು ಪರಿಗಣಿಸುತ್ತದೆ, ವಿನ್ಯಾಸದಲ್ಲಿ ನಿಮ್ಮ ಡೆಸ್ಕ್‌ಟಾಪಿಗಿಂತ ಅದು ಮುಂದಿದೆ. ಆದರೆ ಗೂಗಲ್ ಕೊಟ್ಟ ಪರಿಹಾರ ಫೋನ್ ಕಂಪನಿಯ ಮೂಲಕ ಬರಬೇಕು. ಅಗ್ಗದ ಫೋನ್‌ಗಳಿಗೆ ಎರಡು ಮೂರು ವರ್ಷದ ಮೇಲೆ ಅದು ಬರುವುದೇ ನಿಂತುಹೋಗುತ್ತದೆ. ಐಫೋನಿನಲ್ಲಿ ಹಾರ್ಡ್‌ವೇರ್, ಸಾಫ್ಟ್‌ವೇರ್ ಎರಡೂ ಒಂದೇ ಕಂಪನಿಯದಾದ್ದರಿಂದ ಅಪ್‌ಡೇಟ್ ಒಂದೇ ದಿನ ಎಲ್ಲರಿಗೂ ಸಿಗುತ್ತದೆ. ಅದಕ್ಕೂ ಪೆಗಾಸಸ್‌ನಂಥ ಗೂಢಚಾರ ಸಾಫ್ಟ್‌ವೇರ್ ನುಗ್ಗಿದೆ. ಆದರೆ ಅಷ್ಟು ದುಬಾರಿ ಸಾಧನವನ್ನು ಜೆರಾಕ್ಸ್ ಅಂಗಡಿಯ ಮೇಲೆ ಯಾರೂ ಪ್ರಯೋಗಿಸುವುದಿಲ್ಲ.

ನಿಮ್ಮ ಕಂಪ್ಯೂಟರ್‌ಗಳಲ್ಲಿ ಅಪ್‌ಡೇಟ್ ಯಾಕೆ ನಿಂತಿದೆ ಎಂದು ಪತ್ರದಿಂದಲೇ ಊಹಿಸಬಲ್ಲೆ. ವರ್ಷಕ್ಕೆರಡು ಸಲ ಫಾರ್ಮ್ಯಾಟ್ ಹೊಡೆಯುವ ಹುಡುಗ ತನ್ನ ಪೆನ್‌ಡ್ರೈವ್‌ನಲ್ಲಿ ತರುವ ವಿಂಡೋಸ್ ಬಹುಶಃ ಕ್ರ್ಯಾಕ್ ಮಾಡಿದ್ದು. ಅಂಥದ್ದನ್ನು ಆ್ಯಕ್ಟಿವೇಟ್ ಮಾಡಲು ಬಳಸುವ ಪ್ರೋಗ್ರಾಂ ಮೊದಲು ಹೇಳುವುದೇ ಆಂಟಿವೈರಸ್ ಆಫ್ ಮಾಡಿ ಎಂದು. ಆ್ಯಕ್ಟಿವೇಶನ್ ಕಳಚಿಬೀಳದಿರಲಿ ಎಂದು ಅಪ್‌ಡೇಟನ್ನೂ ನಿಲ್ಲಿಸಿಡುತ್ತಾರೆ. ಆ ಪ್ರೋಗ್ರಾಂನಲ್ಲೇ ಕಳ್ಳಕೋಡ್ ತುಂಬಿ ಹಂಚುವುದೂ ಧಾರಾಳವಾಗಿ ನಡೆದಿದೆ. ಇದರ ಮೇಲೆ ಇನ್ನೊಂದು ಸಮಸ್ಯೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಮನೆಬಳಕೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಅಪ್‌ಡೇಟ್ ಯೋಜನೆ ಪ್ರಕಟಿಸಿದೆ. ವ್ಯಾಪಾರಕ್ಕೆ ಬಳಸುವವಕ್ಕೆ ದುಡ್ಡು ಕೊಟ್ಟು ಪಡೆಯುವ ಬೇರೆ ಯೋಜನೆ ಇದೆ. ಎರಡಕ್ಕೂ ಅಸಲಿ ವಿಂಡೋಸ್ ಬೇಕು. ವಿಂಡೋಸ್ 11ಕ್ಕೆ ಹೋಗಬೇಕೆಂದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಮತ್ತು, ಇಂಟೆಲ್ ಆದರೆ, ಸುಮಾರಾಗಿ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಸೆಕೆಂಡ್‌ಹ್ಯಾಂಡ್ ಕೊಂಡ ನಾಲ್ಕನೆಯ ಪೀಳಿಗೆಯ ಐ5 ಆಗಿದ್ದರೆ ಆಗುವುದಿಲ್ಲ.

ಇನ್ನು ನೀವು ಏನು ಮಾಡಬಹುದು? ನಾಲ್ಕಕ್ಕೂ ಲಿನಕ್ಸ್ ಹಾಕಿಸಿ ಎಂದು ನಾನು ಹೇಳುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟ ಕರಪತ್ರ, ಲಗ್ನಪತ್ರಿಕೆಗಳನ್ನು ತಿದ್ದಲು, ಬೆರಳಚ್ಚು ಸಾಧನಕ್ಕೆ, ಡಿಜಿಟಲ್ ಸಹಿಯ ಟೋಕನ್‌ಗೆ ವಿಂಡೋಸ್ ಇದ್ದರೆ ತಲೆನೋವು ಕಡಿಮೆ. ಎರಡು ಯಂತ್ರಗಳನ್ನು ಅಸಲಿ ವಿಂಡೋಸ್ 11ಕ್ಕೆ ತನ್ನಿ, ಯಂತ್ರ ಒಪ್ಪದಿದ್ದರೆ ಅದಕ್ಕೇ ದುಡ್ಡು ಹಾಕಿ. ಉಳಿದವುಗಳಲ್ಲಿ ಅತಿ ಹಳೆಯದಕ್ಕೆ ಮಗನಿಂದ ಲಿನಕ್ಸ್ ಹಾಕಿಸಿ ಕೌಂಟರಿನಲ್ಲಿಡಿ. ಗಿರಾಕಿಯ ಪೆನ್‌ಡ್ರೈವ್ ಅದೊಂದಕ್ಕೇ ಹೋಗಬೇಕು, ಬೇರೆ ಯಾವುದಕ್ಕೂ ಹೋಗಕೂಡದು. ಪಿಡಿಎಫ್, ಚಿತ್ರಗಳನ್ನು ಅಲ್ಲಿಂದಲೇ ಪ್ರಿಂಟ್ ಕೊಡಬಹುದು. ಹೆಚ್ಚಿನ ಲೇಸರ್ ಪ್ರಿಂಟರ್‌ಗಳಿಗೆ ಲಿನಕ್ಸ್ ಡ್ರೈವರ್ ಸಿಗುತ್ತದೆ, ನಿಮ್ಮ ಮಾಡೆಲ್ ಮೊದಲು ನೋಡಿಕೊಳ್ಳಿ. ತಿದ್ದಬೇಕಾದ ಫೈಲನ್ನು ಮಾತ್ರ ನೆಟ್‌ವರ್ಕ್ ಮೂಲಕ ವಿಂಡೋಸ್ ಯಂತ್ರಕ್ಕೆ ಕಳಿಸಿ. ಕನ್ನಡ ಟೈಪ್ ಮಾಡುವವರಿಗೆ ತೊಂದರೆಯಿಲ್ಲ, ನುಡಿಯ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ, ಅಕ್ಷರ ಮಾತ್ರ ಯುನಿಕೋಡ್. ನಾಲ್ಕನೆಯ ಯಂತ್ರ ವಿಂಡೋಸ್ 10ರಲ್ಲೇ ಉಳಿಯುವುದಾದರೆ ಅದರ ನೆಟ್ ತೆಗೆದು ಸ್ಕ್ಯಾನಿಂಗ್‌ಗೆ ಇಟ್ಟುಕೊಳ್ಳಿ.

ವಿಂಡೋಸ್ ಯಂತ್ರಗಳಲ್ಲಿ ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆ ಮಾಡಿ. ಅಡ್ಮಿನ್ ಪಾಸ್‌ವರ್ಡ್ ಕೆಲಸದ ಹುಡುಗರ ಕೈಗೆ ಬೇಡ. ಫೈಲಿನ ಬಾಲ ಕಾಣುವ ಹಾಗೆ ಮಾಡಿ: ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಅದಕ್ಕೊಂದು ಟಿಕ್ ಇದೆ. ಇಷ್ಟಾದರೂ ಒಂದು ಮಾತು ನೆನಪಿರಲಿ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್‌ಗೆ ಅಡ್ಮಿನ್ ಅಧಿಕಾರವೇ ಬೇಕಿಲ್ಲ. ನೀವು ತಿದ್ದಬಹುದಾದ ಫೈಲುಗಳನ್ನೆಲ್ಲ ನೀವು ಓಡಿಸಿದ ಪ್ರೋಗ್ರಾಮೂ ತಿದ್ದಬಹುದು. ಈ ವಿಷಯದಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ಕೂಡ ವಿಂಡೋಸಿಗಿಂತ ಹೆಚ್ಚು ಭಿನ್ನವೇನಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳಲ್ಲಿ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಹೀಗೆ ಬೀಗ ಬಿತ್ತು. ನೆಟ್‌ವರ್ಕನ್ನು ಸರಿಯಾಗಿ ಬೇರ್ಪಡಿಸದೆ ಇದ್ದದ್ದೇ ಕಾರಣ ಎಂದು ಸರ್ಕಾರ ಸಂಸತ್ತಿಗೆ ಹೇಳಿತು. ಅಷ್ಟು ದೊಡ್ಡ ಸಂಸ್ಥೆಯ ಪಾಡೇ ಹಾಗಾದ ಮೇಲೆ, ಗಿರಾಕಿಗಳ ಕೆಲಸವನ್ನು ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಕೇಬಲ್ ಕಿತ್ತಿಡಿ. ಸದಾ ಸಿಕ್ಕಿಸಿಟ್ಟ ಡಿಸ್ಕ್ ಬ್ಯಾಕಪ್ ಅಲ್ಲ, ಅದಕ್ಕೂ ಬೀಗ ಬೀಳುತ್ತದೆ.

ಕೊನೆಯದಾಗಿ ನಿಮ್ಮ ಫೋನ್. ಅಂಗಡಿಯ ಯುಪಿಐ ಅದರಲ್ಲೇ ಇರುತ್ತದೆ ಎಂದುಕೊಂಡಿದ್ದೇನೆ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಎಂದೋ, ಆರ್‌ಟಿಒ ದಂಡದ ಚಲನ್ ಎಂದೋ ಬರುವ ಫೈಲಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಆ್ಯಪ್. ಹಾಕಿಕೊಂಡರೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ, ಕೊಟ್ಟರೆ ಬ್ಯಾಂಕಿನ ಒಟಿಪಿ ಅವರ ಕೈಗೆ ಹೋದ ಹಾಗೆ. ಆಂಡ್ರಾಯ್ಡ್ ಇಂಥದ್ದನ್ನು ಹಾಕುವ ಮುನ್ನ ಎಚ್ಚರಿಸುತ್ತದೆ, ಆ ಎಚ್ಚರಿಕೆಯನ್ನು ದಾಟುವುದು ನಮ್ಮದೇ ಬೆರಳು. ದುಡ್ಡು ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಮೊತ್ತವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹಾಗೆಯೇ ಡಿವಿಆರ್ ಮತ್ತು ರೌಟರ್‌ನ ಪಾಸ್‌ವರ್ಡ್ ಹಾಕಿಸಿದ ದಿನದ್ದೇ ಇದ್ದರೆ ಈ ಭಾನುವಾರ ಮಗನನ್ನು ಕೂರಿಸಿಕೊಂಡು ಎರಡನ್ನೂ ಬದಲಾಯಿಸಿ.